ಪೇಟೆಯ ಚಿಲ್ಲರೆ ಕೆಲಸಗಳು



ಹಳ್ಳಿಯಿಂದ ಪಿರಿಯಾಪಟ್ಟಣದ ಪೇಟೆಗೆ ಹೊರಟವನು ತನ್ನೊಬ್ಬನ ಕೆಲಸಕ್ಕಾಗಿ ಹೊರಟನೆಂದರೆ ನೆರೆಹೊರೆಯವರು ಒಪ್ಪುವುದಿಲ್ಲ. ಕಳೆದ ಶ್ರಾವಣದಲ್ಲಿ ಸಹಕಾರ ಸಂಘದ ಲೆಕ್ಕದ ಕಾಗದಗಳನ್ನು ಒಪ್ಪಿಸಿಬರಲು ನಾವು ಹೊರಟೆವು. ಬಸ್ಸಿನ ಹಾದಿಯನ್ನು ಸೇರುವುದರೊಳಗೆ ಮೂರು ಕೆಲಸಗಳು ನಮ್ಮ ಹೆಗಲಿಗೆ ಬಿದ್ದಿದ್ದುವು: ನೆರೆಮನೆಗೆ ಹೊಗೆಸೊಪ್ಪು ಕಟ್ಟುವ ದಾರ, ನಮ್ಮ ಮನೆಯವರ ಕನ್ನಡಕಕ್ಕೆ ಒಂದು ತಿರುಪುಮೊಳೆ, ಬೀದಿಯ ಕೊನೆಯ ಮನೆಯ ಅಜ್ಜಿಗೆ ಒಂದು ಪಹಣಿ.

“ಸ್ವಾಮಿ, ಪ್ಯಾಟೆಗೆ ಓಯ್ತೀರಲ್ಲ, ನಮ್ಮೊಲದ್ದು ಪಾಣಿ ಒಂದ ತಂದ್ಕೊಡಿ. ಸಂಗದಲ್ಲಿ ಸಾಲ ಎತ್ತಬೇಕು” ಎಂದು ಆಕೆ ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟಳು.

ದಾರವು ಅಲ್ಪವಸ್ತುವೆಂದು ನಗರದ ಶ್ರೋತೃಗಳು ಬಗೆಯಬಾರದು. ಈ ಸೀಮೆಯಲ್ಲಿ ಮಳೆಯನ್ನೇ ನಂಬಿ ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯುತ್ತಾರೆ. ಕಿತ್ತ ಎಲೆಯನ್ನು ತಡಮಾಡದೆ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ, ಹಗಲೂ ಇರುಳೂ ಬೆಂಕಿ ಕಾಯಬೇಕು. ದಾರ ಬರಲಿಲ್ಲವೆಂದು ಎಲೆ ಕಾದಿರುವುದಿಲ್ಲ.

ಬಸ್ಸಿಳಿದೊಡನೆ ಮಳೆ ಹಿಡಿಯಿತು. ಒಂದು ಮರದ ಕೆಳಗೆ ನಿಂತೆವು. ಅಲ್ಲಿ ನೆಟ್ಟಿದ್ದ ಕಲ್ಲಿಗೆ ಬೆನ್ನು ಕೊಟ್ಟು ಎಷ್ಟೋ ವರ್ಷ ನಾವು ಬಸ್ಸು ಕಾದಿದ್ದೇವೆ. ಇರಚಲು ತಪ್ಪಿಸಿಕೊಳ್ಳಲು ಆಚೆಯ ಮಗ್ಗುಲಿಗೆ ಸರಿದಾಗಲೇ ಅದರ ಮುಖ ಕಂಡುದು. ಅದೊಂದು ವೀರಗಲ್ಲು! ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಪಿರಿಯಾಪಟ್ಟಣವು ಚಂಗಾಳ್ವರ ರಾಜಧಾನಿಯಾಗಿದ್ದುದು. 1638ರಿಂದ 1659ರವರೆಗೆ ಆಳಿದ ಮೈಸೂರಿನ ಕಂಠೀರವ ನರಸರಾಜ ಒಡೆಯರು ಅದನ್ನು ಗೆದ್ದುಕೊಂಡರು. ಈತನು ಯಾವ ಕಾಳಗದಲ್ಲಿ ಬಿದ್ದವನೋ! ಕಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಮಳೆ ಹಣಿಯಿತು, ನಾವು ನಡೆದೆವು.

ಸಂಘದ ಕೆಲಸ ಬೇಗ ಮುಗಿಯಿತು. ದಾರ ಸಿಕ್ಕಿತು. ತಿರುಪುಮೊಳೆಗೆ ಅಂಗಡಿಯವನು ಕಾಸು ಮುಟ್ಟಲಿಲ್ಲ. ಪಹಣಿಗಾಗಿ ಸಾಲಿನಲ್ಲಿ ನಿಂತು ಅದನ್ನೂ ಪಡೆದೆವು. ಕೈಬರಹದ ಪಹಣಿಗಳು ಹೋಗಿ, 2001ರ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಗಣಕಯಂತ್ರದ ಪಹಣಿಗಳು ಬಂದ ಮೇಲೆ ಅಕ್ಷರವನ್ನು ಬಿಡಿಸಿ ಓದುವ ತೊಂದರೆ ತಪ್ಪಿದೆ. ಆದುದರಿಂದಲೇ ಹೋಟಲಿನ ಬೆಂಚಿನ ಮೇಲೆ ಕುಳಿತು, ಕಾಫಿ ಆರುವವರೆಗೆ ಸುಮ್ಮನೆ ಅದನ್ನು ಓದತೊಡಗಿದೆವು. ಪರರ ಕಾಗದವನ್ನು ಓದುವುದು ಸಭ್ಯತೆಯಲ್ಲವೆಂಬುದನ್ನು ಬಲ್ಲೆವು. ಆದರೂ ಓದಿದೆವು.

ಒಂಬತ್ತನೆಯ ಅಂಕಣವು ಭೂಮಿಯ ಒಡೆಯನದು. ಅಲ್ಲಿದ್ದ ಹೆಸರು ಅಜ್ಜಿಯದಲ್ಲ, ಆಕೆಯ ಗಂಡನದೂ ಅಲ್ಲ, ಮಾವನದು. ಮಾವನು ತೀರಿಕೊಂಡಾಗ ನಾವು ಶಾಲೆಯ ಹುಡುಗರು. ಗಂಡನು ಹೋಗಿ ಹದಿನೈದು ವರ್ಷವಾದುವು. ಉತ್ತವಳು ಆಕೆ, ಬಿತ್ತಿದವಳು ಆಕೆ, ಕಂದಾಯ ಕಟ್ಟಿದವಳೂ ಆಕೆಯೇ. ಇದರಲ್ಲಿ ಬರೆದವರ ತಪ್ಪಿಲ್ಲ. ಒಡೆಯನು ತೀರಿಕೊಂಡ ಮೇಲೆ ಮರಣಪತ್ರ, ವಂಶವೃಕ್ಷಗಳೊಡನೆ ವಾರಸುದಾರರು ಅರ್ಜಿ ಕೊಟ್ಟರಲ್ಲವೆ ಪೌತಿ ಖಾತೆಯಾಗುವುದು? ಆ ಮನೆಯಿಂದ ಯಾರೂ ಅರ್ಜಿ ಕೊಡಲಿಲ್ಲ. ಕಾಫಿಯನ್ನು ಕುಡಿದೆವೋ ಇಲ್ಲವೋ ನೆನಪಿಲ್ಲ.

ಸಂಜೆ ಅಜ್ಜಿಯ ಜಗಲಿಯ ಮೇಲೆ ಕಾಗದವನ್ನು ಹರಡಿದೆವು. ಆಕೆ ಓದುಬಾರದವಳು.

“ನನ್ನೆಸ್ರು ಎಲ್ಲದೆ ತೋರ್ಸಿ” ಎಂದಳು.

ನಾವು ಸುಮ್ಮನಿದ್ದುದನ್ನು ನೋಡಿ ಆಕೆಯೇ ಒಂದೊಂದು ಅಂಕಣದ ಮೇಲೂ ಬೆರಳಿಟ್ಟು “ಇಲ್ಲಾ? ಇಲ್ಲಾ?” ಎಂದು ಕೇಳಿದಳು. ಕೊನೆಗೆ ಇದ್ದುದನ್ನು ಇದ್ದಂತೆ ಹೇಳಿದೆವು. ಗಂಡನ ಇಬ್ಬರು ತಂಗಿಯರಿಗೂ ಆ ಹೊಲದಲ್ಲಿ ಹಕ್ಕಿರಬಹುದೆಂಬುದನ್ನೂ ಮುಚ್ಚಿಡಲಿಲ್ಲ. 1956ರ ಉತ್ತರಾಧಿಕಾರ ಕಾಯಿದೆ, ಅದಕ್ಕೆ 2005ರಲ್ಲಿ ಬಂದ ತಿದ್ದುಪಡಿ, ಹೆಣ್ಣುಮಕ್ಕಳ ಭಾಗ — ಇವನ್ನು ತಿಳಿದಷ್ಟು ವಿವರಿಸಿದೆವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಮಗೆ ಭಯವಾಯಿತು, ಸಾಲದ ಕಾಗದ ತರಹೋದವರು ಮನೆಯೊಳಕ್ಕೆ ವ್ಯಾಜ್ಯವನ್ನು ತಂದೆವೇ?

“ಅವ್ರೂ ಆ ಒಲದಲ್ಲೇ ಕಳೆ ಕಿತ್ತು ಬೆಳೆದೋರು. ಬರೀರಿ ಕಾಗ್ದವ, ಬರ್ಲಿ. ಕೂತ್ಕೊಂಡು ಮಾತಾಡನ” ಎಂದಳು.

ದೀಪ ತರಿಸಿ ಎರಡು ಕಾಗದ ಬರೆದೆವು. ಒಂದು ಹುಣಸೂರಿಗೆ, ಇನ್ನೊಂದು ಕುಶಾಲನಗರಕ್ಕೆ. ವಿಳಾಸ ಬರೆಯುತ್ತಿರುವಾಗ ನೆರೆಮನೆಯ ಹುಡುಗನು ಬಂದು ದಾರವನ್ನು ಕೇಳಿದನು. ಅದು ಹೋಟಲಿನ ಬೆಂಚಿನ ಮೇಲೆಯೇ ಉಳಿದಿತ್ತು.