ಮಾಂಟೆಸ್ಸೊರಿ ಶಾಲೆ ಯಾರ ಮಕ್ಕಳಿಗಾಗಿ?

(ಅಣ್ಣಿಗೇರಿಯಲ್ಲಿ ಗಿರಣಿ ಕಾಮಗಾರರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಪಂಪನ ಹೆಸರು ಹೇಳಿ ಹೆಮ್ಮೆಪಡುವ ಈ ಊರಿನಲ್ಲಿ ಅಕ್ಷರದ ವಿಷಯ ಮಾತಾಡಲು ನನಗೆ ಅಂಜಿಕೆಯೇ ಸರಿ. ಆದರೆ ಎಂಟು ವರ್ಷ ಖಡು ಹಿಡಿದ ಕೈ ಇದು. ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದರೂ ಶಾಲೆ ನನ್ನನ್ನು ಬಿಟ್ಟಿಲ್ಲ.

ಇಂಥ ಸಭೆಗಳಲ್ಲಿ ನಾವು ಪಗಾರ, ತುಟ್ಟಿಭತ್ತೆ, ಬೋನಸ್ಸು ಎಂದು ಮಾತಾಡುವುದು ರೂಢಿ. ಈ ಹೊತ್ತು ಮೂರರಿಂದ ಆರು ವರ್ಷದ ಕೂಸುಗಳ ಮಾತು ಎತ್ತಿದ್ದೇನೆ. ಇದು ಮನೆಯೊಳಗಿನ ಮಾತೆಂದು ಯಾರೂ ಎದ್ದು ಹೋಗಬೇಡಿರಿ. ಜೂನ್ ತಿಂಗಳು ಬಂತೆಂದರೆ ನಿಮ್ಮ ಕಿಸೆ ಖಾಲಿಯಾಗುವುದು ಯಾವುದಕ್ಕೆ? ವರ್ಷಗಟ್ಟಲೆ ಹೋರಾಡಿ ಪಡೆದ ಹೆಚ್ಚಿನ ಪಗಾರ ಸಣ್ಣ ಮಗುವಿನ ಫೀಗೆ, ಬೂಟಿಗೆ, ಟೈಗೆ, ಬಸ್ಸಿಗೆ ಹೋಗುತ್ತದೆ. ಅಂಗಡಿಕಾರನಾದರೆ ಉದ್ರಿ ವಸೂಲಾಗದಿದ್ದರೂ ಫೀ ಕಟ್ಟಲೇಬೇಕು. ಆದ್ದರಿಂದ ಇದು ನಮ್ಮ ಪಗಾರದ ಪ್ರಶ್ನೆಯೂ ಹೌದು.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಮಗಳಿಗೆ ಮೂರೂವರೆ ವರ್ಷವಾದಾಗ ಅವಳನ್ನು ಒಂದು ಖಾಸಗಿ ಶಾಲೆಗೆ ಹಾಕಿದೆ. ಶಾಲೆಯ ಹೆಸರು ಬೇಡ; ಅಂಥವು ಊರೂರಿಗೆ ಇವೆ. ಬಾಗಿಲ ಮೇಲೆ ‘ಮಾಂಟೆಸ್ಸೊರಿ’ ಎಂದು ದೊಡ್ಡ ಬೋರ್ಡು. ಕಚೇರಿಯಲ್ಲಿ ಗಾಜಿನ ಕಪಾಟು. ಅದರೊಳಗೆ ಗುಲಾಬಿ ಬಣ್ಣದ ಕಟ್ಟಿಗೆಯ ತುಂಡುಗಳು, ಬಂಗಾರ ಬಣ್ಣದ ಮಣಿಸರಗಳು. ಅವನ್ನು ನೋಡಿ ಮರುಳಾಗಿ ಸಾಲ ಮಾಡಿ ಫೀ ಕಟ್ಟಿದೆ. ಮೂರು ತಿಂಗಳಾಯಿತು. ದಿನಾಲು ನಾಲ್ಕು ಪುಟ ಇಂಗ್ಲಿಷ್ ಅಕ್ಷರ ತಿದ್ದಿಸಿಕೊಂಡು ಬರಬೇಕೆಂದು ಅಪ್ಪಣೆ. ಒಂದು ರಾತ್ರಿ ಕೂಸು ಪೆನ್ಸಿಲು ಹಿಡಿದೇ ನಿದ್ದೆಹೋಗಿತ್ತು. ಮರುದಿನ ಕೇಳಿದೆ: ‘ಆ ಗುಲಾಬಿ ತುಂಡು ಜೋಡಸ್ತೀ ಏನವಾ?’ ಅವಳೆಂದಳು: ‘ಇಲ್ಲಪ್ಪಾ, ಅದಕ್ಕ ಕೀಲಿ ಹಾಕ್ಯಾರ. ಮುಟ್ಟಿದ್ರ ಟೀಚರ್ ಬೈತಾರ.’

ಆ ಕೀಲಿಯ ಮಾತು ನನ್ನನ್ನು ಚುಚ್ಚಿತು. ಈ ಮಾಂಟೆಸ್ಸೊರಿ ಎಂದರೆ ಯಾರು, ಏನು ಹೇಳಿದರು ಎಂದು ಓದತೊಡಗಿದೆ. ಓದಿದಾಗ ತಿಳಿದ ಸಂಗತಿ ನಿಮಗೂ ಆಶ್ಚರ್ಯವಾದೀತು: ಮಾಂಟೆಸ್ಸೊರಿ ಶಾಲೆ ಹುಟ್ಟಿದ್ದೇ ನಮ್ಮಂಥವರ ಮಕ್ಕಳಿಗಾಗಿ.

ಮಾರಿಯಾ ಮಾಂಟೆಸ್ಸೊರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದ ವೈದ್ಯೆ. ರೋಮ್ ಪಟ್ಟಣದಲ್ಲಿ ಸಾನ್ ಲೊರೆಂಜೊ ಎಂಬ ಬಡವರ ಕೇರಿ. ಅಲ್ಲಿ ಕೂಲಿಕಾರರಿಗಾಗಿ ದೊಡ್ಡ ಚಾಳುಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ತಂದೆತಾಯಿ ಇಬ್ಬರೂ ಬೆಳಗಾದರೆ ದುಡಿಯಲು ಹೋಗುವರು. ಇನ್ನೂ ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲಮೇಲೆ ಓಡಾಡಿ ಹೊಸ ಗೋಡೆ ಕೆಡಿಸುವರು. ಗೋಡೆ ಉಳಿಸಿಕೊಳ್ಳಬೇಕೆಂದು ಮಾಲಿಕರು ಅಲ್ಲಿಯೇ ಒಂದು ಕೋಣೆ ಕೊಟ್ಟರು. 1907ರ ಜನವರಿ 6ರಂದು, ಐವತ್ತರಷ್ಟು ಮಕ್ಕಳೊಡನೆ, ಮೊದಲ ‘ಮಕ್ಕಳ ಮನೆ’ ಹೀಗೆ ಆರಂಭವಾಯಿತು. ಅದನ್ನು ನೋಡಿಕೊಂಡವಳು ಪದವಿ ಪಡೆದ ಪಂಡಿತೆಯಲ್ಲ, ಮಾಸ್ತರಿಕೆಯ ತರಬೇತಿಯೂ ಇಲ್ಲದ ಒಬ್ಬ ಸಾಮಾನ್ಯ ಹೆಣ್ಣುಮಗಳು.

ಆ ಶಾಲೆಯಲ್ಲಿಯೂ ಒಂದು ಕಪಾಟು ಇತ್ತು, ಅದಕ್ಕೂ ಕೀಲಿ ಇತ್ತು. ಒಂದು ದಿನ ಕೀಲಿ ಹಾಕಲು ಮರೆತರು. ಮಕ್ಕಳು ತಾವೇ ಬಾಗಿಲು ತೆರೆದು ಬೇಕಾದ ಸಾಮಾನು ಎತ್ತಿಕೊಂಡು ಕೆಲಸಕ್ಕೆ ಹತ್ತಿದ್ದರು. ಉಪಾಧ್ಯಾಯಿನಿ ಅದನ್ನು ಕಳವು ಎಂದಳು. ಮಾಂಟೆಸ್ಸೊರಿಯವರಿಗೆ ಬೇರೆಯೇ ಕಂಡಿತು: ತನಗೆ ಏನು ಬೇಕೆಂಬುದು ಮಗುವಿಗೆ ಗೊತ್ತಿದೆ. ಅಂದಿನಿಂದ ಕಪಾಟು ಹೋಗಿ, ಮಗುವಿನ ಕೈಗೆಟಕುವ ತೆರೆದ ಹಲಗೆಗಳು ಬಂದವು. ಆ ಪದ್ಧತಿಯ ಜೀವ ಇರುವುದು ಆ ತೆರೆದ ಹಲಗೆಯಲ್ಲಿ. ನಾನು ಫೀ ಕಟ್ಟಿದ್ದು ಕೀಲಿಗೆ!

ಒಬ್ಬ ವ್ಯಾಪಾರಿ ಗೆಳೆಯರು ನನ್ನನ್ನು ಕೇಳಿದರು: ‘ಮಾಸ್ತರ, ಆಟಾ ಆಡಾಕ ಸಾಲಿ ಯಾಕ ಬೇಕ್ರೀ? ಓಣ್ಯಾಗ ಆಡ್ತಾವಲ್ಲ.’ ಅವರಿಗೆ ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕುಳಿತು ನೂರರ ನೋಟಿಗೆ ಚಿಲ್ಲರೆಯನ್ನು ಒಂದು ರೂಪಾಯಿ ತಪ್ಪದಂತೆ ಎಣಿಸಿ ಕೊಡುವನು. ಅದೇ ಹುಡುಗ ಪಾಟಿಯ ಮೇಲೆ ದಶಕ ಬಿಡಿಸಿ ಕಳೆಯುವ ಲೆಕ್ಕ ಮಾಡಲಾರ. ನಾನು ಅವನನ್ನು ದಡ್ಡನೆಂದು ಹೊಡೆದೆ. ದಡ್ಡ ಯಾರೆಂಬುದು ಮಾಂಟೆಸ್ಸೊರಿಯವರ ಮಣಿಗಳ ವಿಷಯ ಓದಿದ ಮೇಲೆ ನನಗೆ ತಿಳಿಯಿತು. ಒಂದು ಬಿಡಿ ಮಣಿ ಎಂದರೆ ಒಂದು. ಹತ್ತು ಮಣಿ ಪೋಣಿಸಿದ ಕಡ್ಡಿ ಎಂದರೆ ಹತ್ತು. ಅಂಥ ಹತ್ತು ಕಡ್ಡಿ ಸೇರಿಸಿದ ಚೌಕ ನೂರು. ಹತ್ತು ಚೌಕ ಪೇರಿಸಿದರೆ ಸಾವಿರದ ಗಟ್ಟಿ. ಕಳೆಯಲು ಬಿಡಿ ಮಣಿ ಸಾಲದೆ ಹೋದರೆ ಮಗು ಒಂದು ಹತ್ತರ ಕಡ್ಡಿ ಕೊಟ್ಟು ಹತ್ತು ಬಿಡಿ ಮಣಿ ತರುತ್ತದೆ. ಇದು ಚಿಲ್ಲರೆ ಮುರಿಸುವ ಕೆಲಸವೇ ಅಲ್ಲವೆ? ಅಂಗಡಿಯಲ್ಲಿ ಆ ಹುಡುಗನ ಕೈಗೆ ಗೊತ್ತಿದ್ದುದನ್ನು ಪಾಟಿಗೆ ಮುಟ್ಟಿಸುವ ಸೇತುವೆ ನನ್ನಲ್ಲಿ ಇರಲಿಲ್ಲ.

ಅಕ್ಷರವೂ ಹಾಗೆಯೇ. ಬಡಿಗೇರರು ಕಟ್ಟಿಗೆ ತಿಕ್ಕುವ ಉಸುಕುಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸುತ್ತಾರೆ. ಮಗು ಬೆರಳಾಡಿಸುತ್ತ ಅದರ ಧ್ವನಿ ಹೇಳುತ್ತದೆ. ನಮ್ಮ ಅಜ್ಜಂದಿರು ಗಾಂವಠಿ ಶಾಲೆಯಲ್ಲಿ ಉಸುಕಿನ ಮೇಲೆ ಬೆರಳಿನಿಂದ ತಿದ್ದಿದವರೇ. ಗುಲಾಬಿ ತುಂಡುಗಳು ಹತ್ತು: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ತಪ್ಪು ಪೇರಿಸಿದರೆ ಗೋಪುರವೇ ತಪ್ಪು ತೋರಿಸುತ್ತದೆ, ಮಾಸ್ತರ ಬೈಯಬೇಕಾಗಿಲ್ಲ. ಮೂರು, ನಾಲ್ಕು, ಐದು ವರ್ಷದವರು ಒಂದೇ ಕೋಣೆಯಲ್ಲಿ ಕೂಡಿ ಇರುತ್ತಾರೆ; ದೊಡ್ಡದು ಸಣ್ಣದಕ್ಕೆ ಕಲಿಸುತ್ತದೆ. ಓಣಿಯ ಆಟ ಒಳ್ಳೆಯದೇ. ಆದರೆ ಇದು ಕ್ರಮವಿಟ್ಟು ಜೋಡಿಸಿದ ಕೆಲಸ. ಮಗು ಅದನ್ನು ಆಟದಷ್ಟೇ ಸಂತೋಷದಿಂದ ಮಾಡುತ್ತದೆ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಮಾಂಟೆಸ್ಸೊರಿಯವರ ತರಬೇತಿ ಶಾಲೆಗೆ ಹೋಗಿದ್ದರು. ಇಂಥ ಶಿಕ್ಷಣ ಶ್ರೀಮಂತರ ಮಕ್ಕಳಿಗಷ್ಟೇ ಸಾಲದು, ಕಡುಬಡವರ ಮಕ್ಕಳಿಗೂ ಸಿಗಬೇಕೆಂದು ಅಲ್ಲಿಯೇ ಆಡಿ ಬಂದರು. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದಲ್ಲಿ ಇಟಲಿ ಇಂಗ್ಲೆಂಡಿನ ವೈರಿಯಾದ ಕಾರಣ ಮರಳಿ ಹೋಗಲಾಗದೆ 1946ರವರೆಗೆ ಇಲ್ಲಿಯೇ ಉಳಿದು, ನೂರಾರು ಉಪಾಧ್ಯಾಯರನ್ನು ತಯಾರು ಮಾಡಿದರು. ಅದಕ್ಕೂ ಮುಂಚೆ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದಿದ್ದರು. ಅವರ ಜೊತೆಗಾರ್ತಿ ತಾರಾಬಾಯಿ ಮೋಡಕ್ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು. ಶಾಲೆಗೆ ಬಾರದ ಬಡ ಮಕ್ಕಳ ಅಂಗಳಕ್ಕೆ ಶಾಲೆಯನ್ನೇ ಒಯ್ದು, ಚಿಪ್ಪು, ಕಲ್ಲು, ಬೀಜ, ಎಲೆಗಳನ್ನೇ ಪಾಠದ ಸಾಮಾನು ಮಾಡಿದರು. ‘ಅಂಗನವಾಡಿ’ ಎಂಬ ಮಾತು ಬಂದದ್ದು ಆ ಕೆಲಸದಿಂದಲೇ. 1975ರ ಅಕ್ಟೋಬರ್ 2ರಂದು ಸರಕಾರ ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ, ಅವುಗಳಲ್ಲಿ ಒಂದು ನಮ್ಮ ಕರ್ನಾಟಕದ ತಿರುಮಕೂಡಲು ನರಸೀಪುರ. ಅಂದರೆ ನಿಮ್ಮ ಓಣಿಯ ಅಂಗನವಾಡಿಯಲ್ಲಿ ಮಾಂಟೆಸ್ಸೊರಿಯ ರಕ್ತಸಂಬಂಧ ಇದೆ. ಬೋರ್ಡು ಮಾತ್ರ ಬೇರೆಯವರ ಬಾಗಿಲಲ್ಲಿದೆ.

ಇನ್ನು ಸರಕಾರಿ ಪ್ರಾಥಮಿಕ ಶಾಲೆಯ ಮಾತು. ಅಲ್ಲಿಯೂ ಇದು ಸಾಧ್ಯವೆಂದು ನಮ್ಮ ಮಾಸ್ತರರೇ ತೋರಿಸಿದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ‘ನಲಿ-ಕಲಿ’ ಕಟ್ಟಿದರು. ಮಕ್ಕಳು ಸಾಲುಗಟ್ಟಿ ಕೂಡುವುದು ಹೋಗಿ ನೆಲದ ಮೇಲೆ ಗುಂಪುಗಳಾದವು. ಪ್ರತಿ ಮಗುವಿಗೆ ಕಲಿಕೆಯ ಏಣಿ, ಅದರ ಮೆಟ್ಟಿಲಿಗೊಂದು ಕಾರ್ಡು, ಮಗುವಿನ ಎತ್ತರಕ್ಕೆ ಗೋಡೆಯ ಕರಿಹಲಗೆ ಬಂದವು. ಎರಡು ದಿನ ಗೈರುಹಾಜರಾದ ಕೂಲಿಕಾರನ ಮಗು ನಿಂತ ಮೆಟ್ಟಿಲಿನಿಂದಲೇ ಮುಂದೆ ಏರಬಹುದು. 2009-10ರಿಂದ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅದರ ಕುಂದೂ ಹೇಳಬೇಕು: ಕಾರ್ಡು ಹರಿದರೆ ಹೊಸದು ಬರುವುದು ತಡ, ಒಬ್ಬ ಮಾಸ್ತರನಿಗೆ ಮೂರು ವರ್ಗ, ಮೇಲೆ ಗಣತಿ, ಚುನಾವಣೆ, ದಾಖಲೆಗಳ ಹೊರೆ. ಪದ್ಧತಿ ಒಳ್ಳೆಯದಿದ್ದರೂ ಕೈಗಳು ಸಾಲವು.

ನಲಿ-ಕಲಿ ಆರು ವರ್ಷದ ಮೇಲಿನವರಿಗೆ. ಮೂರರಿಂದ ಆರರವರೆಗಿನ ಮಗುವಿನ ಗತಿ ಏನು? 2009ರ ಶಿಕ್ಷಣ ಹಕ್ಕಿನ ಕಾಯದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಹಕ್ಕು ಕೊಟ್ಟಿತು. ಸಣ್ಣವರ ವಿಷಯದಲ್ಲಿ ಸರಕಾರ ‘ಏರ್ಪಾಡು ಮಾಡಬಹುದು’ ಎಂದಿತು. ಮಾಡಲೇಬೇಕು ಎನ್ನಲಿಲ್ಲ. ಆ ‘ಬಹುದು’ ಎಂಬ ಸಂದಿಯಲ್ಲಿಯೇ ಖಾಸಗಿ ಬೋರ್ಡುಗಳೆಲ್ಲ ಎದ್ದುನಿಂತಿವೆ. ಮೂರು ವರ್ಷಕ್ಕೆ ಅಲ್ಲಿ ಹೋದ ಮಗು ಆರು ವರ್ಷಕ್ಕೆ ಸರಕಾರಿ ಶಾಲೆಗೆ ಮರಳುವುದಿಲ್ಲ. ಶಾಲೆ ಬರಿದಾಗುತ್ತದೆ, ಬರಿದಾಯಿತೆಂದು ಅದನ್ನು ಮುಚ್ಚುವ ಮಾತು ಬರುತ್ತದೆ.

ಸರಕಾರವೂ ಇದನ್ನು ಕಾಣದಿಲ್ಲ. 2018-19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿಯೂ ಅವನ್ನು ತೆರೆಯಹೊರಟಾಗ ಅಂಗನವಾಡಿಯ ಅಕ್ಕಂದಿರು ಬೀದಿಗಿಳಿದರು. ಮಕ್ಕಳೆಲ್ಲ ಅತ್ತ ಹೋದರೆ ನಮ್ಮ ಕೇಂದ್ರದ ಗತಿ ಏನು ಎಂಬುದು ಅವರ ಪ್ರಶ್ನೆ. ಆ ವರ್ಷದ ಜುಲೈಯಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ‘ಸರಕಾರಿ ಮಾಂಟೆಸ್ಸೊರಿ’ ಆರಂಭಿಸಿದರು. ಹೆಸರು ಬಂತು, ಸಂತೋಷ. ಆದರೆ ಬೋರ್ಡು ಬದಲಿಸಿದರೆ ಶಾಲೆ ಬದಲಾಗದೆಂದು ನನ್ನ ಮಗಳು ನನಗೆ ಕಲಿಸಿದ್ದಾಳೆ. ಒಪ್ಪವಾದ ಮಾಂಟೆಸ್ಸೊರಿ ತರಬೇತಿಗೆ ಒಂದು ಶಾಲಾವರ್ಷದಷ್ಟು ಕಾಲ ಬೇಕು. ಎರಡು ದಿನದ ಶಿಬಿರದಿಂದ ಆಗುವ ಕೆಲಸವಲ್ಲ.

ಅಂಗನವಾಡಿಯ ಅಕ್ಕಂದಿರ ಪ್ರಶ್ನೆಯನ್ನು ಬದಿಗಿಟ್ಟು ನಾವು ಮುಂದೆ ಹೋಗಬಾರದು. ಅವರಿಗೆ ಇಂದಿಗೂ ಸಿಗುವುದು ಪಗಾರವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಯಿಟಿಯ ಹಕ್ಕುಂಟೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಗಿರಣಿಯಲ್ಲಿ ಗ್ರಾಚ್ಯುಯಿಟಿಗಾಗಿ ಬಡಿದಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ? ರೋಮಿನ ಚಾಳಿನಲ್ಲಿ ಒಬ್ಬ ಸಾಮಾನ್ಯ ಹೆಣ್ಣುಮಗಳು ಮಾಡಿದ ಕೆಲಸವನ್ನು ನಮ್ಮ ಓಣಿಯ ಅಕ್ಕ ಏಕೆ ಮಾಡಲಾರಳು? ತರಬೇತಿ ಕೊಡಿರಿ, ಪಗಾರ ಕೊಡಿರಿ, ಸಮೀಕ್ಷೆಗಳ ಹೊರೆ ಇಳಿಸಿರಿ.

‘ಖರ್ಚು ಯಾರು ಕೊಡಬೇಕು?’ ಎಂದು ಕೇಳುವವರಿದ್ದಾರೆ. ಅಮೆರಿಕೆಯ ಸಿನ್ಸಿನಾಟಿ ಪಟ್ಟಣದಲ್ಲಿ 1975ರಲ್ಲಿ ಸಾರ್ವಜನಿಕ ಶಾಲೆಯೊಳಗೆ ಈ ಪದ್ಧತಿ ತಂದರು. ಇಂದು ಆ ದೇಶದಲ್ಲಿ ಇಂಥ ಸಾರ್ವಜನಿಕ ಶಾಲೆಗಳು 500ಕ್ಕೂ ಮೇಲೆ. ಅಂಥ 24 ಶಾಲೆಗಳಿಗೆ ಅರ್ಜಿ ಹಾಕಿದ 588 ಮಕ್ಕಳ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಪ್ರವೇಶ ಕೊಟ್ಟದ್ದು ಚೀಟಿ ಎತ್ತಿ. ಆದ್ದರಿಂದ ಸಿಕ್ಕವರು, ಸಿಗದವರು ಎಂಬ ಹೋಲಿಕೆ ನ್ಯಾಯವಾದದ್ದು. ಸಿಕ್ಕ ಮಕ್ಕಳು ಓದಿನಲ್ಲಿ, ನೆನಪಿನಲ್ಲಿ ಮುಂದಿದ್ದರು. ಮೂರು ವರ್ಷದ ಒಟ್ಟು ಖರ್ಚೂ ಕಡಿಮೆಯಾಗಿತ್ತು. ನಮ್ಮಲ್ಲಿಯಾದರೂ ಸಾಮಾನನ್ನು ದೂರದಿಂದ ತರಿಸಬೇಕಾಗಿಲ್ಲ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಕಡೆಯುವ ಕೈಗಳಿವೆ. ಅವರಿಗೆ ಹತ್ತು ಗುಲಾಬಿ ತುಂಡು ಯಾವ ಲೆಕ್ಕ? ಮಾಂಟೆಸ್ಸೊರಿ ಶಾಲೆಯಲ್ಲಿ ಪ್ರತಿ ಮಗು ತನ್ನ ಚಾಪೆ ಹಾಸಿಕೊಂಡು ಕೆಲಸಕ್ಕೆ ಕೂಡುತ್ತದೆ; ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆ ಆ ಚಾಪೆಯಾಗಲಿ. ಶಾಲೆಗೆ ಸಾಮಾನು, ಕುಶಲಕರ್ಮಿಗೆ ಕೆಲಸ, ಎರಡೂ ಒಮ್ಮೆಗೇ ಆದವು.

ಆದ್ದರಿಂದ ಈ ಸಭೆ ಒಂದು ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು: ಸರಕಾರಿ ಪ್ರಾಥಮಿಕ ಶಾಲೆಯ ಅಂಗಳದಲ್ಲಿಯೇ, ಅಂಗನವಾಡಿಯನ್ನು ಕೂಡಿಸಿಕೊಂಡು, ಮೂರರಿಂದ ಆರು ವರ್ಷದವರಿಗೆ ಕನ್ನಡದಲ್ಲಿ ಪುಕ್ಕಟೆ ಮಾಂಟೆಸ್ಸೊರಿ ವರ್ಗ, ಅದರ ಮುಂದುವರಿಕೆಯಾಗಿ ನಲಿ-ಕಲಿ. ಎರಡು: ಅಂಗನವಾಡಿಯ ಅಕ್ಕನಿಗೆ ಪೂರ್ಣ ತರಬೇತಿ, ಪೂರ್ಣ ಪಗಾರ. ಮೂರು: ಸಾಮಾನು ಮಗುವಿನ ಕೈಗೆಟಕುವ ತೆರೆದ ಹಲಗೆಯ ಮೇಲೆ ಇರಬೇಕು, ಕೀಲಿ ಇರಕೂಡದು.

ಠರಾವು ಮಾಡಿ ಮನೆಗೆ ಹೋಗಿ ಮಲಗಿದರೆ ಆಗದು. ಶಾಲಾಭಿವೃದ್ಧಿ ಸಮಿತಿ ಎಂಬುದು ತಂದೆತಾಯಿಗಳ ಸಮಿತಿ. ಅದರ ಸಭೆಗೆ ಹೋಗಿರಿ. ಪಾಳಿ ಮುಗಿಸಿ ಬರುವಾಗ ಒಂದು ದಿನ ನಿಮ್ಮ ಓಣಿಯ ಅಂಗನವಾಡಿಯ ಒಳಗೆ ಹೆಜ್ಜೆ ಇಟ್ಟು ನೋಡಿರಿ. ಕಪಾಟು ಇದೆಯೆ, ಅದಕ್ಕೆ ಕೀಲಿ ಇದೆಯೆ, ಕೀಲಿ ಯಾರ ಕೈಯಲ್ಲಿದೆ ಎಂದು ಕೇಳಿರಿ.

ನಾನು ಹೊಡೆದ ಆ ಹುಡುಗ ಈಗ ಅಪ್ಪನ ಅಂಗಡಿಯನ್ನೇ ನಡೆಸುತ್ತಾನೆ. ಹೋದರೆ ಚಹಾ ತರಿಸುತ್ತಾನೆ, ‘ಕೂಡ್ರಿ ಸರ್’ ಅನ್ನುತ್ತಾನೆ, ಚಿಲ್ಲರೆ ಎಂದೂ ತಪ್ಪುವುದಿಲ್ಲ. ಅವನ ಮಗನಿಗೆ ಈ ವರ್ಷ ಮೂರು ತುಂಬುತ್ತದೆ. ಆ ಕೂಸು ಎಲ್ಲಿಗೆ ಹೋಗಬೇಕೆಂಬುದನ್ನು ನಾವು ನೀವು ಕೂಡಿ ತೀರ್ಮಾನಿಸಬೇಕಾಗಿದೆ.