ಗುಜರಿ ಸಾಮಾನು ಕಲಿಸಿದ ಪಾಠ



ಸಾಫ್ಟ್‌ವೇರ್ ಎಂಜಿನಿಯರ್ ಬಂದಾನ, ಕಂಪ್ಯೂಟರ್ ಬಗ್ಗೆ ಹೇಳತಾನ ಅಂತ ನೀವು ಅಂದುಕೊಂಡಿರಬಹುದು. ನಾನು ಇವತ್ತು ಒಂದು ವೆಲ್ಡಿಂಗ್ ಸೆಟ್ಟಿನ ಕಥೆ ಹೇಳುತ್ತೇನೆ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದಿದ್ದೆ. ಬ್ಯಾಡಗಿಯಲ್ಲಿ ನಮ್ಮ ಕಾಕಾನ ವೆಲ್ಡಿಂಗ್ ಅಂಗಡಿ ಇದೆ. ಅವರದು ಹಳೆಯ ಎ.ಸಿ. ಸೆಟ್ಟು. ದಪ್ಪ ಆಂಗಲ್ಲು, ಟ್ರೇಲರ್ ಕೆಲಸಕ್ಕೆ ಗಟ್ಟಿ. ತೆಳು ಪೈಪು, ಶೀಟು ಬಂದರೆ ಮಾತ್ರ ತೂತು ಬೀಳುತ್ತಿತ್ತು. ಅಂಥ ಗಿರಾಕಿಗಳೆಲ್ಲ ರಾಣೆಬೆನ್ನೂರಿಗೆ ಹೋಗುತ್ತಿದ್ದರು. ಹೊಸ ಸೆಟ್ಟಿಗೆ ರೊಕ್ಕ ಇರಲಿಲ್ಲ. "ಬಿ.ಇ. ಓದೀಯಲ್ಲಪಾ, ಇದಕ್ಕೇನರ ಮಾಡು" ಅಂದರು.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ವೆಲ್ಡಿಂಗ್ ಜ್ವಾಲೆಯೂ ಅಷ್ಟು ಸಲ ಆರಿ ಹತ್ತುತ್ತದೆ. ಅದನ್ನು ಡಿ.ಸಿ. ಮಾಡಿದರೆ ಜ್ವಾಲೆ ನಿಲ್ಲುತ್ತದೆ. ರಾಡಿಗೆ ಮೈನಸ್ ಕೊಟ್ಟರೆ ತೆಳು ಶೀಟು ತೂತಾಗುವುದೂ ಕಡಿಮೆ. ಅದಕ್ಕೆ ಬೇಕಾದದ್ದು ನಾಲ್ಕು ದೊಡ್ಡ ಡಯೋಡು.

ರಾಣೆಬೆನ್ನೂರಿನ ಗುಜರಿಯಲ್ಲಿ ಹಳೆಯ ಬ್ಯಾಟರಿ ಚಾರ್ಜರ್ ಸಿಕ್ಕಿತು. ಅದರ ಡಯೋಡು ಬಿಚ್ಚಿ, ಮೀಟರಿನಿಂದ ಒಂದೊಂದನ್ನೇ ನೋಡಿ ಜೋಡಿಸಿದೆ. ಮೂರನೇ ರಾಡಿಗೇ ಸುಟ್ಟುಹೋದವು. ಲೆಕ್ಕ ಹಾಕಿದ್ದು ಆಮೇಲೆ: 100 ಆಂಪಿಯರ್ ಹರಿಯುವಾಗ ದಾರಿಯಲ್ಲಿ 2 ವೋಲ್ಟ್ ಕಳೆದರೆ 200 ವಾಟ್ ಕಾವು. ಎರಡನೇ ಸಲ ಅವನ್ನು ದಪ್ಪ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು, ಹಳೆಯ ಕೂಲರಿನ ಫ್ಯಾನು ಹಚ್ಚಿದೆವು.

ಜ್ವಾಲೆ ಇನ್ನೂ ಮೆತ್ತಗಾಗಲಿ ಎಂದು ದೊಡ್ಡ ಕೆಪ್ಯಾಸಿಟರ್‌ಗಳನ್ನೂ ಕೂಡಿಸಿದೆ. ಅದು ನನ್ನ ತಪ್ಪು. ಸಂಜೆ ಪ್ಲಗ್ಗು ಕಿತ್ತ ಮೇಲೆ ಕಾಕಾ ಪಾನಾ ಹಿಡಿದು ನಟ್ಟು ಬಿಚ್ಚಲು ಹೋದರು. ಫಟ್ ಎಂದು ಕಿಡಿ ಹಾರಿತು. ಪಾನಾದ ತುದಿ ಕರಗಿತ್ತು. ಪ್ಲಗ್ಗು ಕಿತ್ತರೂ ಕೆಪ್ಯಾಸಿಟರ್ ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೆ ಹೇಳಿರಲಿಲ್ಲ. ಪಾನಾದ ಜಾಗದಲ್ಲಿ ಕೈ ಇದ್ದಿದ್ದರೆ? ಅಂಗಡಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಮರುದಿನ ಕಾಕಾನೇ ದಾರಿ ತೋರಿಸಿದರು. "ಆ ಡಬ್ಬಿ ಬ್ಯಾಡ, ಚೋಕ್ ಸುತ್ತೋಣ" ಅಂದರು. ಸುಟ್ಟ ಟ್ರಾನ್ಸ್‌ಫಾರ್ಮರ್‌ನ ಪಟ್ಟಿಗಳನ್ನು ತೆಗೆದು, ದಪ್ಪ ಕೇಬಲ್ ಸುತ್ತಿ, ಕಬ್ಬಿಣದ ನಡುವೆ ಹೈಲಮ್ ತುಂಡಿಟ್ಟು ಸಂದು ಬಿಟ್ಟರು. ಆ ಸಂದು ಇಲ್ಲದಿದ್ದರೆ ಡಿ.ಸಿ.ಗೆ ಕಬ್ಬಿಣ ತುಂಬಿಹೋಗಿ ಚೋಕ್ ಕೆಲಸ ಮಾಡುವುದಿಲ್ಲ. ನಾನು ಅದನ್ನು ಪುಸ್ತಕದಲ್ಲಿ ಓದಿ ಮರೆತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಕಾಕಾನಿಗೆ ಕೈಯಿಂದ ಗೊತ್ತಿತ್ತು.

ಈಗ ಮೆಣಸಿನಕಾಯಿ ಸೀಜನ್ನಿನಲ್ಲಿ ಪೇಟೆಯ ಕೈಗಾಡಿ, ಜರಡಿಗಳ ತೆಳು ಕೆಲಸವೂ ಅಲ್ಲೇ ಆಗುತ್ತದೆ.

ಮಕ್ಕಳೇ, ಇದನ್ನು ಕೇಳಿ ಮನೆಯಲ್ಲಿ ವೆಲ್ಡಿಂಗ್ ಸೆಟ್ಟು ಬಿಚ್ಚಬೇಡಿರಿ. ಒಂದು ಬ್ಯಾಟರಿ, ಒಂದು ಸಣ್ಣ ಬಲ್ಬು, ಒಂದು ಡಯೋಡು ಸಾಕು. ಡಯೋಡನ್ನು ತಿರುಗಿಸಿ ಹಚ್ಚಿ ನೋಡಿರಿ, ಯಾವ ಕಡೆಗೆ ಬಲ್ಬು ಹತ್ತುತ್ತದೆ ಎಂದು. ಈ ಶಾಲೆಯ ಪ್ರಯೋಗಾಲಯಕ್ಕೆ ಅಂಥ ಒಂದು ಪೆಟ್ಟಿಗೆ ಸಾಮಾನು ತಂದಿದ್ದೇನೆ. ಎಲ್ಲವೂ ಗುಜರಿಯದೇ, ಪ್ರತಿಯೊಂದನ್ನೂ ಪರೀಕ್ಷಿಸಿದ್ದೇನೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದೇ ಸಾಲು ಬರೆದಿದ್ದೇನೆ: ನಿನಗೆ ಗೊತ್ತಿರುವ ಅಪಾಯವನ್ನು ಪಕ್ಕದವನಿಗೆ ಮೊದಲು ಹೇಳು.