ಟೈರು ಮಾರುವವರು ಊಟದ ದಾರಿ ತೋರಿಸಿದ ಕಥೆ



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಈ ಹೊತ್ತಿನ ನಮ್ಮ ಹರಟೆಯಲ್ಲಿ ಊಟವೂ ಇದೆ, ಮಾತೂ ಇದೆ. ಊಟ ಫ್ರಾನ್ಸ್ ದೇಶದ್ದು. ಮಾತು ಇಂಟರ್‌ನೆಟ್ಟಿನಲ್ಲಿ ವ್ಯಾಪಾರ ಮಾಡುವವರ ಕುರಿತಾದದ್ದು. ಇವೆರಡಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ನಂಟು ತಾನಾಗಿಯೇ ಕಾಣುತ್ತದೆ.

ನಮ್ಮ ಕೇಳುಗರಲ್ಲಿ ಅನೇಕರು ಈಗ ಮನೆಯಿಂದಲೇ ಸಣ್ಣಪುಟ್ಟ ಉದ್ಯೋಗ ಮಾಡುತ್ತಿದ್ದಾರೆ. ಡೊಂಬಿವಲಿಯಲ್ಲಿ ಕುಳಿತು ಶೇಂಗಾ ಚಟ್ನಿಪುಡಿ ಮಾರುವವರಿದ್ದಾರೆ. ಪುಣೆಯಲ್ಲಿ ಖಡಕ್ ರೊಟ್ಟಿ, ಚೆನ್ನೈಯಲ್ಲಿ ಹುಳಿಪುಡಿ, ಹೈದರಾಬಾದಿನಲ್ಲಿ ಇಳಕಲ್ ಸೀರೆ ಮಾರುವವರಿದ್ದಾರೆ. ದಿಲ್ಲಿಯಲ್ಲಿ ಕುಳಿತು ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುವವರೂ ಇದ್ದಾರೆ. ಪದಾರ್ಥ ಚೆನ್ನಾಗಿಯೇ ಇರುತ್ತದೆ. ಆದರೆ ನಾಲ್ಕು ಜನಕ್ಕೆ ತಿಳಿಯುವುದು ಹೇಗೆ? ಇದೇ ದೊಡ್ಡ ಚಿಂತೆ. ಆ ಚಿಂತೆ ಹತ್ತಿದವರ ಮೊಬೈಲಿಗೆ ಒಂದರ ಹಿಂದೊಂದು ಸಂದೇಶ ಬರತೊಡಗುತ್ತದೆ: ಇಷ್ಟು ಹಣ ಕೊಡಿ, ಹತ್ತು ಸಾವಿರ ಫಾಲೋವರ್ಸ್ ಕೊಡುತ್ತೇವೆ, ಇಷ್ಟು ಕೊಡಿ, ಐದು ನಕ್ಷತ್ರದ ನೂರು ವಿಮರ್ಶೆ ಬರೆಸುತ್ತೇವೆ. ಕಷ್ಟಪಟ್ಟು ಕೂಡಿಟ್ಟ ಹಣ ಹೀಗೆ ಹೋಗಿಬಿಡಬಾರದು. ಅದಕ್ಕಾಗಿಯೇ ಇಂದಿನ ಈ ಮಾತು.

ಕಥೆ 1900ನೇ ಇಸವಿಯಲ್ಲಿ ಆರಂಭವಾಗುತ್ತದೆ. ಫ್ರಾನ್ಸಿನ ನಡುಭಾಗದಲ್ಲಿ ಕ್ಲೆರ್ಮೋ ಫೆರಾಂ ಎಂಬ ಊರಿದೆ. ಅಲ್ಲಿ ಆಂದ್ರೆ ಮತ್ತು ಎಡ್ವಾರ್ ಮಿಶೆಲಿನ್ ಎಂಬ ಅಣ್ಣತಮ್ಮಂದಿರು ಟೈರಿನ ಕಾರ್ಖಾನೆ ನಡೆಸುತ್ತಿದ್ದರು. ಆಗ ಇಡೀ ಫ್ರಾನ್ಸಿನಲ್ಲಿ ಇದ್ದ ಮೋಟಾರು ಕಾರುಗಳು ಕೆಲವೇ ಸಾವಿರ. ಕಾರು ಓಡದಿದ್ದರೆ ಟೈರು ಸವೆಯುವುದಿಲ್ಲ, ಟೈರು ಸವೆಯದಿದ್ದರೆ ವ್ಯಾಪಾರವಿಲ್ಲ. ಇಂಥ ಸ್ಥಿತಿಯಲ್ಲಿ ನಾವು ನೀವಾಗಿದ್ದರೆ ಏನು ಮಾಡುತ್ತಿದ್ದೆವು? ನಮ್ಮ ಟೈರೇ ಉತ್ತಮ ಎಂದು ಗೋಡೆಗೋಡೆಗೂ ಬರೆಸುತ್ತಿದ್ದೆವು. ಜಾಹೀರಾತನ್ನು ಆ ಸಹೋದರರೂ ಮಾಡಿದರು. ಅದರ ಜೊತೆಗೆ ಒಂದು ಪುಟ್ಟ ಪುಸ್ತಕವನ್ನೂ ಅಚ್ಚು ಹಾಕಿಸಿದರು. ಊರುಗಳ ನಕ್ಷೆ, ಪೆಟ್ರೋಲು ಸಿಗುವ ಸ್ಥಳ, ಕಾರು ಕೆಟ್ಟರೆ ರಿಪೇರಿ ಮಾಡುವವರು, ರಾತ್ರಿ ತಂಗಲು ಹೋಟೆಲು, ಟೈರು ಬದಲಿಸುವ ಕ್ರಮ, ಇವೆಲ್ಲ ಅದರಲ್ಲಿದ್ದವು. ಮೊದಲ ಮುದ್ರಣದಲ್ಲಿ ಸುಮಾರು 35,000 ಪ್ರತಿಗಳನ್ನು ತೆಗೆಸಿ, ಬಿಟ್ಟಿಯಾಗಿ ಹಂಚಿದರು.

ಕಾರಿದ್ದವನಿಗೆ ಆಗ ಇದ್ದ ತೊಂದರೆ ಯಾವುದು? ಊರು ಬಿಟ್ಟು ಹೊರಟರೆ ಮುಂದೇನು ಎಂಬ ಭಯ. ಆ ಭಯಕ್ಕೆ ಈ ಪುಸ್ತಕ ಉತ್ತರವಾಯಿತು. ಭಯ ಹೋದವನು ಕಾರು ಹೊರಗೆ ತೆಗೆದ. ಉಳಿದ ಕೆಲಸವನ್ನು ರಸ್ತೆಯೇ ಮಾಡಿತು. ಇಂದು ನಾವು ಗೂಗಲ್‌ನಲ್ಲಿ ಹುಡುಕುವುದೂ ಹೀಗೆಯೇ ಒಂದು ತೊಂದರೆಗೆ ಉತ್ತರ ಬೇಕಾದಾಗ. ಹುಡುಕುವವನಿಗೆ ನಿಮ್ಮ ಅಂಗಡಿಯ ಹೆಸರು ಬೇಕಾಗಿಲ್ಲ, ಅವನ ಪ್ರಶ್ನೆಗೆ ಉತ್ತರ ಬೇಕು. ಮುಂಬಯಿಯ ಮಳೆಗಾಲದಲ್ಲಿ ಖಡಕ್ ರೊಟ್ಟಿ ಮೆತ್ತಗಾಗದಂತೆ ಇಡುವುದು ಹೇಗೆ? ಚಟ್ನಿಪುಡಿ ಎಷ್ಟು ದಿನ ಕೆಡದೆ ಇರುತ್ತದೆ? ಇಳಕಲ್ ಸೀರೆಯನ್ನು ಮೊದಲ ಸಲ ಒಗೆಯುವುದು ಹೇಗೆ? ಇಂಥದ್ದನ್ನು ಸರಳವಾಗಿ ಬರೆದಿಟ್ಟವರ ಬಳಿಗೆ ಗಿರಾಕಿ ತಾನಾಗಿ ಬರುತ್ತಾನೆ. ಇದಕ್ಕೆ ಈಗ ಕಂಟೆಂಟ್ ಮಾರ್ಕೆಟಿಂಗ್ ಎಂದು ದೊಡ್ಡ ಹೆಸರಿಟ್ಟು ಪಾಠ ಹೇಳುತ್ತಾರೆ. ಮಿಶೆಲಿನ್ ಸಹೋದರರು ಕಂಪ್ಯೂಟರ್ ಹುಟ್ಟುವ ಮೊದಲೇ ಅದನ್ನು ಮಾಡಿ ತೋರಿಸಿದ್ದರು.

ಮುಂದೆ 1920ರಲ್ಲಿ ಪುಸ್ತಕಕ್ಕೆ ಏಳು ಫ್ರಾಂಕ್ ಬೆಲೆ ಇಟ್ಟರು. ಅದಕ್ಕೊಂದು ಸ್ವಾರಸ್ಯದ ಕಥೆ ಹೇಳುತ್ತಾರೆ. ಆಂದ್ರೆ ಮಿಶೆಲಿನ್ ಒಂದು ಟೈರಿನ ಅಂಗಡಿಗೆ ಹೋದಾಗ, ಅಲುಗಾಡುವ ಮೇಜಿನ ಕಾಲಿಗೆ ಈ ಪುಸ್ತಕಗಳನ್ನೇ ಆಸರೆ ಕೊಟ್ಟಿದ್ದರಂತೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂದು ಅವರಿಗೆ ಆಗ ಮನದಟ್ಟಾಯಿತಂತೆ. ಅದೇ ಸಮಯದಲ್ಲಿ ಪುಸ್ತಕದಲ್ಲಿ ಹಣ ಪಡೆದು ಹಾಕುತ್ತಿದ್ದ ಜಾಹೀರಾತುಗಳನ್ನೂ ಕೈಬಿಟ್ಟರು. ಕೊಡುವುದಕ್ಕೂ ಒಂದು ಮಿತಿ ಇರಬೇಕು ಎನ್ನುವುದು ಇದರ ನೀತಿ. ತಿಳಿವಳಿಕೆ ಧಾರಾಳವಾಗಿ ಕೊಡಿ, ರುಚಿ ನೋಡಲು ಒಂದು ಚಮಚ ಕೊಡಿ. ಆದರೆ ನಿಮ್ಮ ಶ್ರಮದ ಬೆಲೆಯನ್ನು ಸಂಕೋಚಪಟ್ಟು ಇಳಿಸಬೇಡಿ.

ಆ ಪುಸ್ತಕದಲ್ಲಿ ಉತ್ತಮ ಊಟದ ಜಾಗಗಳಿಗೆ ನಕ್ಷತ್ರ ಕೊಡುವ ಪದ್ಧತಿ 1926ರಲ್ಲಿ ಬಂತು. 1931ರಲ್ಲಿ ಒಂದು, ಎರಡು, ಮೂರು ಎಂಬ ಶ್ರೇಣಿ ಆಯಿತು. ಆ ನಕ್ಷತ್ರಗಳ ಅರ್ಥವನ್ನು ಗಮನಿಸಿ. ಒಂದು ನಕ್ಷತ್ರವೆಂದರೆ ಅದರ ವರ್ಗದಲ್ಲಿ ಬಹಳ ಒಳ್ಳೆಯ ಊಟ. ಎರಡೆಂದರೆ ದಾರಿ ಬಳಸಿಕೊಂಡಾದರೂ ಹೋಗಬಹುದಾದ ಊಟ. ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದಾದ ಊಟ. ರುಚಿಯನ್ನು ಅಳೆದದ್ದು ದಾರಿಯ ಲೆಕ್ಕದಲ್ಲಿ! ಟೈರಿನ ಹೆಸರನ್ನೇ ಎತ್ತದೆ ಟೈರು ಸವೆಸುವ ಜಾಣತನ ಇದು. ಆದರೂ ಓದುಗನಿಗೆ ಮೋಸವಾಗಲಿಲ್ಲ. ಅವನಿಗೆ ಒಳ್ಳೆಯ ಊಟ ಸಿಕ್ಕಿತು, ಅವರಿಗೆ ವ್ಯಾಪಾರ ಸಿಕ್ಕಿತು.

ಜನ ಈ ನಕ್ಷತ್ರಗಳನ್ನು ನಂಬಿದ್ದೇಕೆ? ಪರೀಕ್ಷಕರು ತಮ್ಮ ಗುರುತು ಹೇಳದೆ ಹೋಗುತ್ತಾರೆ, ಎಲ್ಲರಂತೆ ಕುಳಿತು ತಿನ್ನುತ್ತಾರೆ, ಎಲ್ಲರಂತೆ ಬಿಲ್ಲು ಕೊಟ್ಟು ಎದ್ದು ಬರುತ್ತಾರೆ. ತಿಂದದ್ದರ ಹಣವನ್ನು ತಾವೇ ಕೊಟ್ಟವರ ಮಾತಿಗೆ ತೂಕ ಹೆಚ್ಚು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಪ್ಯಾರಿಸಿನಲ್ಲೇ ಇದೆ, ಅದೂ ಇನ್ನೂರು ವರ್ಷಗಳ ಹಿಂದಿನದು. ಗ್ರಿಮೋ ದ ಲಾ ರೇನಿಯೇರ್ ಎಂಬ ಭೋಜನಪ್ರಿಯ 1803ರಿಂದ 1812ರವರೆಗೆ ಊಟತಿಂಡಿಯ ಕುರಿತೇ ಒಂದು ಪಂಚಾಂಗದಂಥ ಪುಸ್ತಕವನ್ನು ಕಂತುಕಂತಾಗಿ ಹೊರತಂದ. ಯಾವ ಅಂಗಡಿಯಲ್ಲಿ ಯಾವುದು ಚೆನ್ನ ಎಂದು ಅದರಲ್ಲಿ ಬರೆಯುತ್ತಿದ್ದ. ಮನೆಯಲ್ಲಿ ರುಚಿ ನೋಡುವ ಒಂದು ಮಂಡಳಿಯನ್ನೇ ಕೂರಿಸಿದ್ದ. ವ್ಯಾಪಾರಿಗಳು ತಮ್ಮ ಪದಾರ್ಥಗಳನ್ನು ಅಲ್ಲಿಗೆ ಬಿಟ್ಟಿಯಾಗಿ ಕಳುಹಿಸುತ್ತಿದ್ದರು. ಆತ ಜಾಣ, ಬರಹವೂ ಸೊಗಸು. ಆದರೆ ಬಿಟ್ಟಿ ತಿಂದು ತೀರ್ಪು ಕೊಡುವವನ ಮೇಲೆ ಪಕ್ಷಪಾತದ ಮಾತು ಬರದೆ ಇರುತ್ತದೆಯೇ? ಬಂತು. ಇಂದು ಪೊಟ್ಟಣ ಕಳಿಸಿಕೊಂಡು ವಿಡಿಯೋ ಮಾಡುವ ಇನ್‌ಫ್ಲುಯೆನ್ಸರ್‌ಗಳನ್ನು ನೋಡಿದಾಗ ಈತನ ನೆನಪಾಗುತ್ತದೆ.

ಈಗ ನಮ್ಮ ಮೊಬೈಲಿಗೆ ಬಂದ ಆ ಸಂದೇಶಕ್ಕೆ ಮರಳೋಣ. ನೂರು ವಿಮರ್ಶೆಗಳನ್ನು ಹಣಕ್ಕೆ ಕೊಳ್ಳಬಹುದೇ? ಕೊಂಡರೆ ಅದು ಗಿರಾಕಿಗೆ ಹೇಳುವ ಸುಳ್ಳು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿ ಐಎಸ್ 19000 ಎಂಬ ಮಾನದಂಡವನ್ನೇ ಹೊರತಂದಿತು. ಹಣಕ್ಕೆ ಬರೆಸಿದ ವಿಮರ್ಶೆಗಳನ್ನು ತಡೆಯುವುದು ಅದರ ಉದ್ದೇಶಗಳಲ್ಲೊಂದು. ಕಾನೂನಿನ ಮಾತು ಹಾಗಿರಲಿ, ಲೆಕ್ಕವನ್ನೇ ನೋಡಿ. ನೂರು ಸುಳ್ಳು ನಕ್ಷತ್ರ ನೋಡಿ ಬಂದವನು ಪದಾರ್ಥ ಸಾಧಾರಣವೆಂದು ಕಂಡರೆ ಮತ್ತೆ ಬರುವುದಿಲ್ಲ, ಜೊತೆಗೆ ಹತ್ತು ಜನಕ್ಕೆ ಹೇಳುತ್ತಾನೆ. ಹೊರನಾಡಿನ ನಮ್ಮ ಕನ್ನಡ ಸಮಾಜ ಸಣ್ಣದು. ಕನ್ನಡ ಸಂಘದ ಒಂದು ಗಣೇಶೋತ್ಸವದಲ್ಲಿ ಎಲ್ಲರಿಗೂ ಎಲ್ಲವೂ ತಿಳಿದುಹೋಗುತ್ತದೆ. ಏಳು ಜನ ನಿಜವಾದ ಗಿರಾಕಿಗಳು ತಮ್ಮ ಮಾತಿನಲ್ಲಿ ಬರೆದ ಏಳು ಸಾಲು ನಿಮ್ಮನ್ನು ಕಾಯುತ್ತದೆ. ಅದರಲ್ಲಿ ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಒಬ್ಬರು ಬರೆದಿದ್ದರೂ ಅಳಿಸಬೇಡಿ. ವಿನಯದಿಂದ ಉತ್ತರ ಬರೆಯಿರಿ. ಓದುವವರು ಆ ಉತ್ತರವನ್ನೇ ನೋಡುತ್ತಾರೆ.

ಇನ್ನು ಫ್ರೆಂಚರ ಊಟದ ಮೇಜಿನತ್ತ ಬರೋಣ. ಹದಿನೆಂಟನೇ ಶತಮಾನದ ಮೊದಲ ಭಾಗದ ಪ್ಯಾರಿಸಿನಲ್ಲಿ ಹೊರಗೆ ಉಣ್ಣುವುದೆಂದರೆ ಸಾಮಾನ್ಯವಾಗಿ ಉದ್ದನೆಯ ಒಂದು ಮೇಜು, ನಿಗದಿಯಾದ ಹೊತ್ತು, ಮಾಡಿದ್ದನ್ನು ಉಣ್ಣಬೇಕು. 1760ರ ದಶಕದ ನಂತರ ಹುಟ್ಟಿದ ರೆಸ್ಟೋರೆಂಟುಗಳು ಈ ಕ್ರಮವನ್ನು ಬದಲಿಸಿದವು. ನಿಮಗೆ ಬೇರೆ ಮೇಜು, ನಿಮಗೆ ಬೇಕಾದ ಹೊತ್ತು. ಏನೇನಿದೆ, ಬೆಲೆ ಎಷ್ಟು ಎಂದು ಬರೆದ ಪಟ್ಟಿ ನಿಮ್ಮ ಕೈಯಲ್ಲಿ. ಬಂದವನು ತನ್ನ ಜೇಬು ನೋಡಿಕೊಂಡು, ನಾಚಿಕೆಪಡದೆ ಆರಿಸಿಕೊಳ್ಳಬಹುದಾಯಿತು. ನಮ್ಮಲ್ಲಿ ಎಷ್ಟೋ ಜನ ಸೊಗಸಾದ ಫೋಟೋ ಹಾಕಿ, ಕೆಳಗೆ ಬೆಲೆಗಾಗಿ ಇನ್‌ಬಾಕ್ಸ್‌ಗೆ ಬನ್ನಿ ಎಂದು ಬರೆಯುತ್ತಾರೆ. ಕೇಳಲು ಸಂಕೋಚಪಡುವ ಗಿರಾಕಿ ಅಲ್ಲಿಂದಲೇ ಹಿಂತಿರುಗುತ್ತಾನೆ. ಬೆಲೆ, ತೂಕ, ಕಳುಹಿಸುವ ಖರ್ಚು, ತಲುಪುವ ದಿನ ಈ ನಾಲ್ಕನ್ನೂ ಮೊದಲೇ ಬರೆಯಿರಿ. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಅದರ ಸಂಖ್ಯೆಯನ್ನೂ ಹಾಕಿ.

ಆ ಕಾಲದಲ್ಲಿ ಬೋವಿಲಿಯೇ ಎಂಬ ಪ್ರಸಿದ್ಧ ರೆಸ್ಟೋರೆಂಟ್ ಯಜಮಾನನಿದ್ದ. ಭೋಜನದ ಕುರಿತು 1825ರಲ್ಲಿ ಗ್ರಂಥ ಬರೆದ ಬ್ರಿಯಾ ಸವಾರಾಂ ಈತನ ಜ್ಞಾಪಕಶಕ್ತಿಯನ್ನು ಮೆಚ್ಚಿ ಬರೆದಿದ್ದಾನೆ. ಒಂದೆರಡು ಸಲ ಮಾತ್ರ ಉಂಡು ಹೋದವರನ್ನು ಇಪ್ಪತ್ತು ವರ್ಷಗಳ ಮೇಲೂ ಈತ ಗುರುತು ಹಿಡಿಯುತ್ತಿದ್ದನಂತೆ. ನಮಗೆ ಅಷ್ಟು ಜ್ಞಾಪಕಶಕ್ತಿ ಬೇಡ, ನೂರು ಪುಟದ ಒಂದು ನೋಟುಬುಕ್ಕು ಸಾಕು. ಯಾರಿಗೆ ಖಾರ ಕಡಿಮೆ ಬೇಕು, ಯಾರ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಯಾರ ಮಗಳು ಹಾಸ್ಟೆಲಿನಲ್ಲಿದ್ದಾಳೆ ಎಂದು ಬರೆದಿಟ್ಟುಕೊಳ್ಳಿ. ದೊಡ್ಡ ಕಂಪನಿಗಳು ಇದಕ್ಕೆ ಕೋಟ್ಯಂತರ ರೂಪಾಯಿಯ ಸಾಫ್ಟ್‌ವೇರ್ ಇಟ್ಟಿವೆ.

ಫ್ರೆಂಚರ ಔತಣದಲ್ಲಿ ಹಿಂದೆ ಎಲ್ಲ ಭಕ್ಷ್ಯಗಳನ್ನೂ ಒಮ್ಮೆಗೇ ಮೇಜಿನ ತುಂಬ ಜೋಡಿಸುತ್ತಿದ್ದರು. ನೋಡಲು ವೈಭವ, ತಿನ್ನುವ ಹೊತ್ತಿಗೆ ಅರ್ಧ ತಣ್ಣಗೆ. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯನ್ನರ ಪದ್ಧತಿ ನೋಡಿ, ಒಂದಾದ ಮೇಲೊಂದು ಬಡಿಸುವುದನ್ನು ಅವರು ಕಲಿತರು. ಇವತ್ತು ಯುನೆಸ್ಕೋ 2010ರಲ್ಲಿ ಪರಂಪರೆಯೆಂದು ಗೌರವಿಸಿದ ಫ್ರೆಂಚ್ ಔತಣಕ್ಕೆ ಆ ಕ್ರಮವೇ ಜೀವ. ಮೊದಲು ಪಾನೀಯ, ಆಮೇಲೆ ಆರಂಭದ ತಿಂಡಿ, ಮುಖ್ಯ ಭಕ್ಷ್ಯ, ಚೀಸು, ಸಿಹಿ. ದೊಡ್ಡ ರೆಸ್ಟೋರೆಂಟುಗಳಲ್ಲಿ ಇವೆಲ್ಲಕ್ಕೂ ಮೊದಲು ಅಡುಗೆಯವರು ತಾವಾಗಿ ಒಂದು ತುತ್ತಿನಷ್ಟು ಏನಾದರೂ ಕಳಿಸುತ್ತಾರೆ. ಅದನ್ನು ನೀವು ಕೇಳಿರುವುದಿಲ್ಲ, ಬಿಲ್ಲಿನಲ್ಲಿ ಬೇರೆಯಾಗಿ ಬರುವುದೂ ಇಲ್ಲ. ಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿಯಿಂದ ಮೊದಲಾಗುವ ನಮ್ಮ ಬಾಳೆಲೆಯ ಊಟವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ವಾಟ್ಸಾಪ್‌ನಲ್ಲಿ ನಾವು ಬಡಿಸುವ ಕ್ರಮ ನೋಡಿ. ಬೆಳಿಗ್ಗೆ ಎದ್ದ ಕೂಡಲೆ ಇಪ್ಪತ್ತು ಫೋಟೋ, ಮಧ್ಯಾಹ್ನ ರಿಯಾಯಿತಿ, ಸಂಜೆ ಕೊನೆಯ ಅವಕಾಶ! ಗಿರಾಕಿ ಗ್ರೂಪನ್ನು ಮ್ಯೂಟ್ ಮಾಡುತ್ತಾನೆ. ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ ಸಂದೇಶ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬುದು ನೆನಪಿರಲಿ. ಅವರಿಗೆ ನೀವು ಬೇಕು ಅನ್ನಿಸಿದರೆ ಮಾತ್ರ ಉಳಿಸಿಕೊಳ್ಳುತ್ತಾರೆ. ಮೊದಲು ಒಂದು ಉಪಯುಕ್ತ ಮಾತು, ಆಮೇಲೆ ರುಚಿಗೆ ಒಂದು ಪೊಟ್ಟಣ, ಅದು ಮೆಚ್ಚಿದರೆ ಆರ್ಡರು, ಕೊಟ್ಟ ಮೇಲೆ ಹೇಗಿತ್ತು ಎಂಬ ವಿಚಾರಣೆ. ಇಷ್ಟೇ ಕ್ರಮ. ಮುಂದಿನದನ್ನು ಬಡಿಸುವ ಮೊದಲು ಎಲೆ ನೋಡಬೇಕು.

ಕೊನೆಗೆ ಇನ್ನೊಂದು ಮಾತು. ನಕ್ಷತ್ರವೇ ಸರ್ವಸ್ವವಾದರೆ ಮನುಷ್ಯ ಬಳಲುತ್ತಾನೆ. ದಕ್ಷಿಣ ಫ್ರಾನ್ಸಿನ ಲಾಗ್ಯೋಲ್ ಬಳಿ ಸೆಬಾಸ್ಟಿಯನ್ ಬ್ರಾಸ್ ಎಂಬವರ ರೆಸ್ಟೋರೆಂಟ್ ಇದೆ. ಅವರ ತಂದೆಯ ಕಾಲದಲ್ಲಿ, 1999ರಲ್ಲಿ, ಮೂರು ನಕ್ಷತ್ರ ಬಂದಿತ್ತು. 2017ರಲ್ಲಿ ಬ್ರಾಸ್ ತಮ್ಮನ್ನು ಆ ಪುಸ್ತಕದಿಂದ ಬಿಡಬೇಕೆಂದು ತಾವೇ ಕೇಳಿಕೊಂಡರು. ಯಾವ ದಿನ ಯಾರು ಪರೀಕ್ಷೆಗೆ ಬರುತ್ತಾರೋ ಎಂಬ ಒತ್ತಡವಿಲ್ಲದೆ ಅಡುಗೆ ಮಾಡಬೇಕು ಎನ್ನುವುದು ಅವರ ಆಸೆ. 2018ರ ಆವೃತ್ತಿಯಲ್ಲಿ ಅವರ ಹೆಸರು ಇರಲಿಲ್ಲ. 2019ರಲ್ಲಿ, ಅವರು ಕೇಳದಿದ್ದರೂ, ಎರಡು ನಕ್ಷತ್ರದೊಡನೆ ಮತ್ತೆ ಬಂತು! ಇಂಟರ್‌ನೆಟ್ಟಿನಲ್ಲೂ ಹೀಗೆಯೇ. ಲೈಕು ಎಷ್ಟು, ರೇಟಿಂಗ್ ಎಷ್ಟು ಎಂದು ಗಂಟೆಗೊಮ್ಮೆ ಮೊಬೈಲು ನೋಡುತ್ತ ಕುಳಿತರೆ ಒಲೆಯ ಮೇಲಿನದು ಸೀಯುತ್ತದೆ. ವಾರಕ್ಕೊಂದು ದಿನ ಲೆಕ್ಕ ನೋಡಿ. ಉಳಿದ ದಿನ ಕೆಲಸ ನೋಡಿ.

ಹಾಗಾದರೆ ಇಂದು ರಾತ್ರಿ ಏನು ಮಾಡುತ್ತೀರಿ? ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಗಿರಾಕಿಗಳು ಪದೇ ಪದೇ ಕೇಳುವ ಮೂರು ಪ್ರಶ್ನೆಗಳನ್ನು ಬರೆಯಿರಿ. ಒಂದೊಂದಕ್ಕೂ ಐದಾರು ಸಾಲಿನ ಪ್ರಾಮಾಣಿಕ ಉತ್ತರ ಬರೆಯಿರಿ, ನಿಮ್ಮ ಸರಕಿನ ಹೊಗಳಿಕೆ ಅದರಲ್ಲಿ ಬೇಡ. ನಾಳೆ ಅದನ್ನು ಹಂಚಿ. ವಿಮರ್ಶೆ ಕೊಳ್ಳಲೆಂದು ತೆಗೆದಿಟ್ಟ ಹಣವಿದ್ದರೆ ಅದರಲ್ಲಿ ಇನ್ನೂ ಒಳ್ಳೆಯ ಶೇಂಗಾ ತನ್ನಿ. ಮತ್ತೆ ಆರ್ಡರು ಮಾಡುವವರು ನೆನಪಿಟ್ಟುಕೊಳ್ಳುವುದು ಆ ರುಚಿಯನ್ನೇ.

ನಿಮ್ಮ ಕೈಗುಣಕ್ಕೂ ನಿಮ್ಮ ಮಾತಿಗೂ ಒಳ್ಳೆಯ ಹೆಸರು ಬರಲಿ.